ಒಂದು ಬಾಲ್ ತಡವಾಗಿ

ಐಪಿಎಲ್ ನಡೆಯುವ ರಾತ್ರಿ ಚಿಕ್ಕಬಳ್ಳಾಪುರದ ಯಾವುದೇ ಬಡಾವಣೆಯಲ್ಲಿ ಒಂದೇ ಸಿಕ್ಸರ್ ಮೂರು ಸಲ ಬೀಳುತ್ತದೆ. ಮೊದಲ ಕೂಗು ಡಿಶ್ ಅಥವಾ ಕೇಬಲ್ ಇರುವ ಮನೆಯಿಂದ. ಸ್ವಲ್ಪ ಹೊತ್ತಿಗೆ ವೈಫೈ ಮೇಲೆ ನಡೆಯುವ ಸ್ಮಾರ್ಟ್ ಟಿ.ವಿ.ಯ ಮನೆಯಿಂದ. ಕೊನೆಗೆ, ಮಹಡಿ ಮೆಟ್ಟಿಲ ಮೇಲೆ ಕೂತು ಮೊಬೈಲ್ ಡೇಟಾದಲ್ಲಿ ನೋಡುತ್ತಿರುವ ಹುಡುಗನಿಂದ. ಪಾಪ, ಅವನ ಪರದೆಯಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿರುವಾಗಲೇ ಎದುರು ಮನೆಯವರು ಕುಣಿದಾಗಿರುತ್ತದೆ. ಏನಾಯಿತೆಂದು ಅವನಿಗೆ ಗೊತ್ತು, ಹೇಗಾಯಿತೆಂದು ನೋಡಬೇಕಷ್ಟೆ.

ಇದಕ್ಕೆ ಕಾರಣ ಸರಳ. ಆ್ಯಪ್‌ಗಳು ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ ಕಳಿಸುತ್ತವೆ. ಚಿತ್ರ ನಡುವೆ ನಿಲ್ಲದಿರಲಿ ಎಂದು ಫೋನು ಒಂದೆರಡು ತುಣುಕನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ತೋರಿಸಲು ತೊಡಗುತ್ತದೆ. ಸಿಗ್ನಲ್ ಮಂಕಾದಷ್ಟೂ ಆ ಅಂತರ ಬೆಳೆಯುತ್ತದೆ. ಉಪಗ್ರಹದಿಂದ ನೇರ ಬೀಳುವ ಚಿತ್ರಕ್ಕೆ ಇಷ್ಟೆಲ್ಲ ರಗಳೆಯಿಲ್ಲ. ಹಾಗಾಗಿ ಪಕ್ಕದ ಮನೆಯವರ ಖುಷಿಯೇ ಈಗ ಬಡಾವಣೆಗಳ ದೊಡ್ಡ ಕಿರಿಕಿರಿ. ‘ಸ್ವಲ್ಪ ಮೆಲ್ಲಗೆ ಕೂಗ್ರಪ್ಪಾ, ನಮಗಿನ್ನೂ ಬಾಲ್ ಹಾಕಿಲ್ಲ’ ಎಂದು ಕಾಂಪೌಂಡಿನಾಚೆಯಿಂದ ಬೇಡಿಕೊಳ್ಳುವವರಿದ್ದಾರೆ. ಕಿಟಕಿ ಮುಚ್ಚಿಕೊಂಡು, ವಾಟ್ಸ್‌ಆ್ಯಪ್ ಆರಿಸಿ, ಸೆಕೆಯಲ್ಲೇ ಬೆವರುತ್ತ ನೋಡುವವರೂ ಇದ್ದಾರೆ.

ಹಾಗೆ ನೋಡಿದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕ್ರೀಡಾಭಿಮಾನಿಗೆ ಈ ತಡ ಹೊಸದಲ್ಲ. ಚಿನ್ನಸ್ವಾಮಿ ಕ್ರೀಡಾಂಗಣ ಈ ಊರುಗಳಿಂದ ಹೆಚ್ಚುಕಡಿಮೆ 60ರಿಂದ 80 ಕಿಲೊಮೀಟರ್ ದೂರ. ಅಷ್ಟು ಹತ್ತಿರವಿದ್ದೂ ಆಟ ಇಲ್ಲಿಗೆ ಯಾವಾಗಲೂ ತುಸು ತಡವಾಗಿಯೇ ಬಂದಿದೆ. ಬೆಳಗಿನ ಮೊದಲ ಬಸ್ಸಿನ ಪೇಪರ್ ಕಟ್ಟಿನಲ್ಲಿ, ರೇಡಿಯೊದ ಕರಕರ ಸದ್ದಿನಲ್ಲಿ, ಹೋಗಿ ಬರುವ ಕರೆಂಟಿನಲ್ಲಿ. ಈ ಊರುಗಳ ಹಿರಿಯ ಅಭಿಮಾನಿಗಳನ್ನು ಮಾತಿಗೆಳೆದರೆ ಅವರು ಮೊದಲು ನೆನೆಯುವುದು ಸ್ಕೋರನ್ನಲ್ಲ, ಆ ಸ್ಕೋರ್ ತಮ್ಮನ್ನು ತಲುಪಿದ ಬಗೆಯನ್ನು.

1971ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಹೋದ ಸುನಿಲ್ ಗಾವಸ್ಕರ್ ಚೊಚ್ಚಲ ಸರಣಿಯ ನಾಲ್ಕು ಟೆಸ್ಟ್‌ಗಳಲ್ಲಿ 774 ರನ್ ಗಳಿಸಿದರು. ಅಲ್ಲಿ ದಿನದಾಟ ಮುಗಿಯುವಾಗ ಇಲ್ಲಿ ನಡುರಾತ್ರಿ ದಾಟಿರುತ್ತಿತ್ತು. ಜಿಲ್ಲೆಗಳಿಗೆ ಹೋಗುವ ಪತ್ರಿಕೆಯ ಆವೃತ್ತಿ ಅಷ್ಟರಲ್ಲಿ ಅಚ್ಚಾಗಿ ಬಸ್ಸು ಹತ್ತಿರುತ್ತಿತ್ತು. ಹಾಗಾಗಿ ಆ ದಿನದ ಆಟ ಮರುದಿನದ ಪೇಪರಿನಲ್ಲೂ ಪೂರ್ತಿ ಸಿಗುತ್ತಿರಲಿಲ್ಲ. ಕ್ಷೌರದಂಗಡಿಯ ಬೆಂಚಿನಲ್ಲಿ ಪೇಪರ್ ಹಾಳೆ ಹಾಳೆಯಾಗಿ ಹಂಚಿಹೋಗುತ್ತಿದ್ದ ಕಾಲ ಅದು. ಕ್ರೀಡಾಪುಟ ಯಾರ ಕೈಯಲ್ಲಿದೆಯೋ ಅವರು ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು.

1974ರ ಮಾರ್ಚಿನಲ್ಲಿ ಹೀಗೆ ಗಟ್ಟಿಯಾಗಿ ಓದುವಂಥ ಸುದ್ದಿ ಬಂತು. ಸತತ ಹದಿನೈದು ವರ್ಷ ರಣಜಿ ಟ್ರೋಫಿ ಯಾರಿಗೂ ಬಿಟ್ಟುಕೊಡದಿದ್ದ ಬಾಂಬೆಯನ್ನು ಕರ್ನಾಟಕ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಹೊರಗಟ್ಟಿತು. ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಗಾವಸ್ಕರ್ ಅವರನ್ನು ಎರಪಳ್ಳಿ ಪ್ರಸನ್ನ ಬೌಲ್ಡ್ ಮಾಡಿದ ಎಸೆತವನ್ನು ಈಗ ಎಪ್ಪತ್ತು ದಾಟಿದವರು ಇವತ್ತಿಗೂ ಕೈ ತಿರುಗಿಸಿ ತೋರಿಸುತ್ತಾರೆ. ಅವರಲ್ಲಿ ಬಹುತೇಕರು ಆ ಎಸೆತವನ್ನು ಕಂಡವರಲ್ಲ, ಕೇಳಿದವರು. ಕಂಡಿದ್ದರೂ ಇಷ್ಟು ಚೆನ್ನಾಗಿ ವಿವರಿಸುತ್ತಿದ್ದರೋ ಇಲ್ಲವೋ.

ಕೇಳುವುದೂ ಸಲೀಸಾಗಿರಲಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕವೊಂದರೊಳಗೆ ಹೊಕ್ಕು ನೋಡಿದರೆ ಅದು ಅರ್ಥವಾಗುತ್ತದೆ. ಬಟ್ಟಲಿನ ಬಿಸಿನೀರಿನಲ್ಲಿ ಗೂಡುಗಳು ತೇಲುತ್ತಿರುತ್ತವೆ. ಬೆಂದ ಹುಳುವಿನ ವಾಸನೆ, ಹಬೆ, ರಾಟೆಯ ಸದ್ದು. ಕೂತವರು ಪ್ರತಿ ಗೂಡಿನ ಎಳೆಯ ತುದಿ ಹುಡುಕಿ, ಹಲವು ಗೂಡುಗಳ ಎಳೆಯನ್ನು ಒಂದುಗೂಡಿಸಿ ಮೇಲಕ್ಕೆ ಕೊಡುತ್ತಿರಬೇಕು. ಒಂದು ಎಳೆ ಮುಗಿದರೆ ಅಥವಾ ಹರಿದರೆ ಆ ಕ್ಷಣವೇ ಇನ್ನೊಂದು ಗೂಡಿನದನ್ನು ಸೇರಿಸಬೇಕು, ಇಲ್ಲದಿದ್ದರೆ ನೂಲು ಅಲ್ಲಿ ಸಣ್ಣಗಾಗುತ್ತದೆ. ಬೆರಳು ಸದಾ ಒದ್ದೆ. ಕಣ್ಣು ಅತ್ತಿತ್ತ ಹೊರಳುವಂತಿಲ್ಲ. ಕಿವಿಗೆ ಮಾತ್ರ ಬಿಡುವು.

ಆ ಕಿವಿಗೆ ಟೆಸ್ಟ್ ಕ್ರಿಕೆಟ್ ಹೇಳಿ ಮಾಡಿಸಿದ ಆಟವಾಗಿತ್ತು. ಗೂಡಿನ ಕೆಲಸ ನಸುಕಿನಲ್ಲೇ ಶುರುವಾಗುತ್ತದೆ, ಟೆಸ್ಟ್ ಒಂಬತ್ತೂವರೆ ಸುಮಾರಿಗೆ. ಹಬೆ ತಾಗದಂತೆ ಪ್ಲಾಸ್ಟಿಕ್ ಕವರ್ ಸುತ್ತಿದ ಟ್ರಾನ್ಸಿಸ್ಟರ್ ಗೋಡೆಯ ಗೂಡಿನಲ್ಲಿ ಮಾತಾಡುತ್ತಿರುತ್ತಿತ್ತು. ಈ ಊರಿನ ರೀಲರ್‌ಗಳಲ್ಲಿ ಮುಸ್ಲಿಮರು ಹೆಚ್ಚು. ಮನೆಮಾತು ಉರ್ದು, ಹಾಗಾಗಿ ಆಕಾಶವಾಣಿಯ ಹಿಂದಿ ವೀಕ್ಷಕ ವಿವರಣೆ ಅವರಿಗೆ ಸಲೀಸು. ಪಕ್ಕದಲ್ಲಿ ಕೂತವರು ಹಳ್ಳಿಯಿಂದ ಬಂದ ಕನ್ನಡದವರೋ ತೆಲುಗಿನವರೋ ಆಗಿರುತ್ತಿದ್ದರು. ಒಬ್ಬರು ಕೇಳಿ ಇನ್ನೊಬ್ಬರಿಗೆ ದಾಟಿಸಬೇಕು, ಅಷ್ಟರಲ್ಲಿ ಮುಂದಿನ ಬಾಲ್. ಇಂಗ್ಲಿಷ್ ಸರದಿ ಬಂದಾಗ ಕಾಲೇಜು ಓದಿದವರಿಗೆ ಬೆಲೆ ಬರುತ್ತಿತ್ತು. ‘ಏನಂತೆ, ಏನಂತೆ’ ಎಂದು ಕೇಳುವವರ ಕಾಟ ತಾಳಲಾರದೆ ಬೈಯುತ್ತಲೇ ಹೇಳುವ ಪರಿಪಾಠ ಅದು. ಅಷ್ಟೆಲ್ಲ ಕಿರಿಕಿರಿ ಪಟ್ಟವರೇ ಇವತ್ತು, ಈಗ ಕೇಳುವವರೇ ಇಲ್ಲ, ಎಲ್ಲರ ಕಿವಿಯಲ್ಲೂ ಒಂದೊಂದು ವೈರು ಎಂದು ಕೊರಗುತ್ತಾರೆ. ಅವರ ಕೊರಗಿನಲ್ಲಿ ನ್ಯಾಯವಿದೆ. ತಡವಾಗಿ ಬರುತ್ತಿದ್ದ ಆಟ ಜನರನ್ನು ಒಂದು ಕಡೆ ಕೂರಿಸುತ್ತಿತ್ತು. ಒಬ್ಬರಿಗಾಗಿ ಒಬ್ಬರು ಕಾಯಬೇಕಿತ್ತು.

ಟಿ.ವಿ. ಬಂದ ಮೇಲೆ ಕಾಯುವ ಜಾಗ ಬದಲಾಯಿತು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಬೀದಿಗೊಂದು ಆ್ಯಂಟೆನಾ, ಅದನ್ನು ತಿರುಗಿಸಲು ಮನೆಗೊಬ್ಬ ಹುಡುಗ. ಮೇಲಿನಿಂದ ‘ಬಂತಾ?’ ಎನ್ನುವುದು, ಕೆಳಗಿನಿಂದ ‘ಬಂತು... ಹೋಯ್ತು... ಹಾಂ, ಅಲ್ಲೇ ಇರು, ಕೈ ಬಿಡಬೇಡ!’ ಎನ್ನುವುದು. ಹುಡುಗ ಕಂಬಿ ಹಿಡಿದು ಮಹಡಿ ಮೇಲೆ ಬಿಸಿಲಲ್ಲಿ, ಉಳಿದವರು ಕೆಳಗೆ ಟಿ.ವಿ. ಮುಂದೆ. ಆ ಹುಡುಗರಿಗೆ ಈಗ ಐವತ್ತು ದಾಟಿದೆ. ಕಪಿಲ್ ದೇವ್ ಬ್ಯಾಟಿಂಗ್ ಹೇಗಿತ್ತೆಂದು ಕೇಳಿದರೆ ಆಕಾಶ ಹೇಗಿತ್ತೆಂದು ಹೇಳಬಲ್ಲರು.

ಮತ್ತೆ ಕರೆಂಟು. ಲೋಡ್ ಶೆಡ್ಡಿಂಗ್ ಈ ಭಾಗದ ಅಭಿಮಾನಿಯ ಹಳೆಯ ಶತ್ರು. ಬೋರ್‌ವೆಲ್ ನಂಬಿದ ಬಯಲುಸೀಮೆ ಇದು, ಬೇಸಿಗೆಯಲ್ಲಿ ಪಂಪ್‌ಸೆಟ್‌ಗಳ ಹೊರೆ ಏರುತ್ತದೆ, ಕ್ರಿಕೆಟ್ಟಿನ ದೊಡ್ಡ ಟೂರ್ನಿಗಳೂ ಬೇಸಿಗೆಯಲ್ಲೇ ಬೀಳುತ್ತವೆ. ಪರೀಕ್ಷೆಯೂ ಅದೇ ಹೊತ್ತಿಗೆ. ಕೊನೆಯ ಓವರಿಗೆ ಫ್ಯಾನು ನಿಂತು ಟಿ.ವಿ. ಕಪ್ಪಾದಾಗ ಇಡೀ ಬೀದಿಯಿಂದ ಏಳುತ್ತಿದ್ದ ‘ಅಯ್ಯೋ’ ಎಂಬ ಒಂದೇ ದನಿಯನ್ನು ಕೇಳಿದವರು ಮರೆತಿಲ್ಲ. ಬ್ಯಾಟರಿಗೆ ಜೋಡಿಸಿದ ಪುಟ್ಟ ಕಪ್ಪು-ಬಿಳುಪು ಟಿ.ವಿ. ಇದ್ದ ಅಂಗಡಿಯವರು ಆಗ ಊರಿಗೇ ಬೇಕಾದವರು.

1996ರ ಮಾರ್ಚ್ 9, ಶನಿವಾರ. ವಿಶ್ವಕಪ್ ಕ್ವಾರ್ಟರ್‌ಫೈನಲ್, ಎದುರಾಳಿ ಪಾಕಿಸ್ತಾನ. ಬೆಂಗಳೂರಿನಲ್ಲಿ ಹೊಸದಾಗಿ ನಿಂತ ಹೊನಲು ದೀಪಗಳಡಿ ಆಟ. ನವಜೋತ್ ಸಿಂಗ್ ಸಿಧು 93 ಹೊಡೆದರು. ಕೊನೆಯಲ್ಲಿ ಅಜಯ್ ಜಡೇಜ 25 ಎಸೆತಗಳಲ್ಲಿ 45 ಬಾಚಿದರು, ವಕಾರ್ ಯೂನಿಸ್ ಅವರ ಕೊನೆಯ ಓವರುಗಳು ಚಿಂದಿಯಾದವು. ಭಾರತ 287. ಪಾಕಿಸ್ತಾನ ಅಬ್ಬರದಿಂದಲೇ ಶುರು ಮಾಡಿತು. ವೆಂಕಟೇಶ್ ಪ್ರಸಾದ್ ಅವರ ಚೆಂಡನ್ನು ಅಮೀರ್ ಸೊಹೇಲ್ ಕವರ್ಸ್ ಕಡೆ ಬೌಂಡರಿಗಟ್ಟಿ, ಮತ್ತೆ ಅಲ್ಲಿಗೇ ಹೊಡೆಯುತ್ತೇನೆಂದು ಬ್ಯಾಟು ಚಾಚಿ ತೋರಿಸಿದರು. ಮುಂದಿನ ಎಸೆತಕ್ಕೆ ಸ್ಟಂಪ್ ಹಾರಿತು. ಭಾರತ ಗೆದ್ದದ್ದು 39 ರನ್‌ಗಳಿಂದ.

ಆ ರಾತ್ರಿಯ ಪ್ರಸಾದ್ ಎಸೆತ ಈ ಭಾಗದ ಅಭಿಮಾನಿಗಳ ಪಾಲಿಗೆ ಒಂದು ಅಳತೆಗೋಲು. ‘ಸೊಹೇಲ್ ಔಟಾದಾಗ ಎಲ್ಲಿದ್ದೆ?’ ಎಂದು ಕೇಳಿದರೆ ನಲವತ್ತೈದು ದಾಟಿದ ಯಾರೂ ತಡವರಿಸುವುದಿಲ್ಲ. ಅದೇ ವರ್ಷ ಅಕ್ಟೋಬರ್ 21ರ ಟೈಟಾನ್ ಕಪ್ ಪಂದ್ಯದ ಬಗ್ಗೆ ಕೇಳಿದಾಗ ಮಾತ್ರ ಹಲವರು ಮುಖ ತಗ್ಗಿಸುತ್ತಾರೆ. ಆಸ್ಟ್ರೇಲಿಯ ಒಡ್ಡಿದ ಗುರಿ 216. ಸಚಿನ್ ತೆಂಡೂಲ್ಕರ್ 88 ಹೊಡೆದು ಔಟಾದರು, ಸ್ಕೋರು 8 ವಿಕೆಟ್‌ಗೆ 164. ಅಲ್ಲಿಗೆ ಅನೇಕ ಮನೆಗಳಲ್ಲಿ ಟಿ.ವಿ. ಆರಿತು, ತಟ್ಟೆ ಹಾಕಿದರು, ಮಲಗಿದರು. ಅತ್ತ ಜಾವಗಲ್ ಶ್ರೀನಾಥ್, ಅನಿಲ್ ಕುಂಬ್ಳೆ ಮುರಿಯದ ಒಂಬತ್ತನೇ ವಿಕೆಟ್‌ಗೆ 52 ರನ್ ಸೇರಿಸಿ ಗೆಲ್ಲಿಸಿದರು. ಮೈಸೂರಿನ ಹುಡುಗ, ಬೆಂಗಳೂರಿನ ಹುಡುಗ, ನಮ್ಮದೇ ಮೈದಾನ. ನೋಡದೆ ಮಲಗಿದವರು ಬೆಳಿಗ್ಗೆ ಹಾಲಿನ ಡೇರಿಯ ಸಾಲಿನಲ್ಲಿ ಸುದ್ದಿ ಕೇಳಿ ನಂಬಲಿಲ್ಲ. ಇವತ್ತಿಗೂ ಅವರು ಸೋಲುವ ಪಂದ್ಯವನ್ನು ಕೊನೆಯ ಬಾಲಿನ ತನಕ ನೋಡುತ್ತಾರೆ.

ಈ ಸೀಮೆಯ ಇನ್ನೊಂದು ವಿಶೇಷವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಗೌರಿಬಿದನೂರಿನಿಂದ ಆಂಧ್ರದ ಹಿಂದೂಪುರ ಕೂಗಳತೆಯಲ್ಲಿದೆ. ಚಿಂತಾಮಣಿಯ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಮಾತು ತೆಲುಗು, ಶಾಲೆಯ ಓದು ಕನ್ನಡ. 2018ರಲ್ಲಿ ಐಪಿಎಲ್‌ಗೆ ಕನ್ನಡ ವೀಕ್ಷಕ ವಿವರಣೆ ಬಂದಾಗ ಇಲ್ಲಿ ರಿಮೋಟಿಗೆ ಹೊಸ ಜಗಳ ಅಂಟಿಕೊಂಡಿತು. ಅಜ್ಜಿಗೆ ತೆಲುಗು ಬೇಕು, ಮೊಮ್ಮಗನಿಗೆ ವಿಜಯ್ ಭಾರದ್ವಾಜ್ ಅವರ ಕನ್ನಡ, ಅಪ್ಪನಿಗೆ ಹಳೆಯ ಅಭ್ಯಾಸದ ಇಂಗ್ಲಿಷ್. ಆರ್‌ಸಿಬಿ-ಹೈದರಾಬಾದ್ ಪಂದ್ಯದ ದಿನವಂತೂ ಒಂದೇ ಸೋಫಾದ ಮೇಲೆ ಎರಡು ಪಕ್ಷ. ಅತ್ತಿಗೆಯ ತವರು ಕದಿರಿಯೋ ಮದನಪಲ್ಲಿಯೋ ಆಗಿದ್ದರೆ ಮೈದುನನ ಮಾತು ಹದ್ದುಮೀರದಂತೆ ಅತ್ತೆ ನೋಡಿಕೊಳ್ಳಬೇಕು. 2016ರ ಮೇ 29ರಂದು ಚಿನ್ನಸ್ವಾಮಿಯಲ್ಲೇ ನಡೆದ ಫೈನಲ್‌ನಲ್ಲಿ ಆರ್‌ಸಿಬಿ 8 ರನ್‌ಗಳಿಂದ ಹೈದರಾಬಾದಿಗೆ ಸೋತಾಗ ಇಂಥ ಮನೆಗಳಲ್ಲಿ ಎರಡು ದಿನ ಮಾತು ಕಡಿಮೆಯಾಗಿತ್ತೆಂದು ಹೇಳುವವರು ಸಿಗುತ್ತಾರೆ.

ರಿಮೋಟಿನ ಜಗಳದ ಜೊತೆಗೆ ನಲ್ಲಿಯ ಜಗಳ. ಈ ಊರುಗಳಲ್ಲಿ ನಲ್ಲಿ ನೀರು ಬರುವುದು ದಿನ ಬಿಟ್ಟು ದಿನ, ಕೆಲವು ಬೀದಿಗಳಿಗೆ ಇನ್ನೂ ಅಪರೂಪ. ಚಿಕ್ಕಬಳ್ಳಾಪುರಕ್ಕೆ ಜಕ್ಕಲಮಡುಗು ಜಲಾಶಯ ಆಸರೆ. ಸರದಿ ರಾತ್ರಿ ಬಿದ್ದರೆ ಹತ್ತೊಂಬತ್ತನೇ ಓವರಿಗೂ ಸಂಪಿನ ವಾಲ್ವಿಗೂ ಒಟ್ಟಿಗೇ ಕರೆ ಬರುತ್ತದೆ. ‘ನೀರು ಬಂತು!’ ಎಂದು ಬೀದಿಯಲ್ಲಿ ಕೂಗಿದ ಮೇಲೆ ಯಾವ ವಿರಾಟ್ ಕೊಹ್ಲಿಯೂ ಮನೆಯವರನ್ನು ಹಿಡಿದು ಕೂರಿಸಲಾರ. ಒಬ್ಬರು ಪೈಪು ಹಿಡಿದು ಕಿಟಕಿ ಕಡೆ ಕತ್ತು ಚಾಚುತ್ತಾರೆ, ಒಳಗಿನವರು ಸ್ಕೋರ್ ಕೂಗುತ್ತಾರೆ. ಮತ್ತೆ ರೇಡಿಯೊ ಕಾಲ.

ನೋಡುವವರ ಮಾತಾಯಿತು. ಆಡುವವರದು ಬೇರೆಯೇ ಕಥೆ, ಅದಕ್ಕೂ ನೀರಿನ ನಂಟಿದೆ. ನದಿಯ ಆಸರೆಯಿಲ್ಲದ ಈ ಜಿಲ್ಲೆಯಲ್ಲಿ ಕೆರೆಗಳು ವರ್ಷಗಟ್ಟಲೆ ಬತ್ತಿದ್ದವು. ಬತ್ತಿದ ಕೆರೆಯಂಗಳಕ್ಕಿಂತ ದೊಡ್ಡ ಮೈದಾನ ಯಾವ ಹುಡುಗನಿಗೆ ಸಿಗುತ್ತದೆ? ಒಣಗಿ ಗಟ್ಟಿಯಾದ ಜೇಡಿಯ ಮೇಲೆ ಟೆನಿಸ್ ಬಾಲ್ ಚೆನ್ನಾಗಿ ಪುಟಿಯುತ್ತದೆ. ಬಿರುಕಿಗೆ ಬಿದ್ದರೆ ಮಾತ್ರ ಯಾವ ಕಡೆ ಹೋಗುತ್ತದೋ ದೇವರೇ ಬಲ್ಲ. ಜಾಲಿ ಗಿಡದ ಸಾಲೇ ಬೌಂಡರಿ, ಮುಳ್ಳಿನೊಳಗೆ ಹೊಕ್ಕು ಚೆಂಡು ತರುವವನಿಗೆ ಮುಂದಿನ ಬ್ಯಾಟಿಂಗ್. ಕಟ್ಟೆಯ ಮೇಲೆ ಪ್ರೇಕ್ಷಕರು. ಪಕ್ಕದಲ್ಲೇ ಇನ್ನೆರಡು ಊರಿನ ಪಂದ್ಯಗಳು ಒಂದರೊಳಗೊಂದು ನುಸುಳುತ್ತ ನಡೆಯುತ್ತಿದ್ದವು, ಒಬ್ಬರ ಲಾಂಗಾನ್ ಫೀಲ್ಡರ್ ಇನ್ನೊಬ್ಬರಿಗೆ ಸ್ಲಿಪ್.

ಆಮೇಲೆ ಬೆಂಗಳೂರಿನ ಶುದ್ಧೀಕರಿಸಿದ ತ್ಯಾಜ್ಯ ನೀರನ್ನು ಹೆಬ್ಬಾಳ-ನಾಗವಾರ ಕಣಿವೆಯಿಂದ ಈ ಕಡೆಗೆ ಹರಿಸುವ ಯೋಜನೆ ಬಂತು. ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ನೀರು ಬಂದಾಗ ಜನ ಹಬ್ಬ ಕಂಡಂತೆ ನೋಡಲು ಹೋದರು. ನೀರಿನ ಗುಣದ ಬಗ್ಗೆ ರೈತ ಸಂಘಟನೆಗಳು ಎತ್ತಿರುವ ಪ್ರಶ್ನೆಗಳು ಹಾಗೇ ಇವೆ, ಅದು ಬೇರೆ ಚರ್ಚೆ. ಕೆರೆಯಂಗಳದಲ್ಲಿ ಆಡಿದವರು ಈಗ ಮಕ್ಕಳನ್ನು ಏರಿ ಮೇಲೆ ಕರೆದೊಯ್ದು, ನೀರಿನ ನಡುವೆ ಬೆರಳು ತೋರಿಸಿ, ‘ಪಿಚ್ ಅಲ್ಲಿತ್ತು’ ಎನ್ನುತ್ತಾರೆ.

ಕೆರೆ ಹೋದರೆ ರಾಗಿ ಹೊಲವಿದೆ. ಡಿಸೆಂಬರ್ ಹೊತ್ತಿಗೆ ಕಟಾವು ಮುಗಿದು ಮುಂಗಾರಿನ ಉಳುಮೆಯ ತನಕ ಹೊಲ ಖಾಲಿ. ಕೂಳೆ ಕಾಲಿಗೆ ಚುಚ್ಚುತ್ತದೆ, ಚಿಂತೆಯಿಲ್ಲ. ಸಂಕ್ರಾಂತಿ ಆಸುಪಾಸಿನಲ್ಲಿ ಟೆನಿಸ್ ಬಾಲ್ ಟೂರ್ನಿಗಳ ಬ್ಯಾನರ್ ಏಳುತ್ತವೆ. ಚುನಾವಣೆ ಸಮೀಪಿಸಿದ ವರ್ಷ ಬ್ಯಾನರ್ ದೊಡ್ಡದು, ಅದರಲ್ಲಿ ನಾಯಕರ ಮುಖ ಇನ್ನೂ ದೊಡ್ಡದು, ಬಹುಮಾನದ ಮೊತ್ತವೂ ಏರುತ್ತದೆ. ಊರೊಳಗೆ ಚಿಂತಾಮಣಿಯ ಝಾನ್ಸಿ ರಾಣಿ ಕ್ರೀಡಾಂಗಣ, ಶಿಡ್ಲಘಟ್ಟದ ನೆಹರೂ ಕ್ರೀಡಾಂಗಣ, ಗೌರಿಬಿದನೂರಿನ ನೇತಾಜಿ ಕ್ರೀಡಾಂಗಣ, ಚಿಕ್ಕಬಳ್ಳಾಪುರದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣ ಇವೆ. ಸಣ್ಣ ಊರಿನ ಕ್ರೀಡಾಂಗಣವೆಂದರೆ ಆಟಕ್ಕಷ್ಟೇ ಅಲ್ಲ. ಸ್ವಾತಂತ್ರ್ಯೋತ್ಸವದ ಪಥಸಂಚಲನ, ರಾಜ್ಯೋತ್ಸವ, ಬೆಳಗಿನ ವಾಕಿಂಗ್, ಸ್ಕೂಟಿ ಕಲಿಕೆ ಎಲ್ಲಕ್ಕೂ ಅದೊಂದೇ ಬಯಲು. ಸಮಾರಂಭ ಮುಗಿದ ಮರುದಿನ ಶಾಮಿಯಾನದ ಗೂಟ ಕಿತ್ತ ಗುಂಡಿಗಳನ್ನು ಮುಚ್ಚುವವರು ಬೇಲ್ಸ್ ಕೊಳ್ಳಲು ಕಾಸಿಲ್ಲದ ಹುಡುಗರೇ. ಗುತ್ತಿಗೆದಾರರಿಂದ ಆ ಗುಂಡಿ ಮುಚ್ಚಿಸುವ ಒಂದು ಸಾಲನ್ನು ಬಾಡಿಗೆ ಕರಾರಿನಲ್ಲಿ ಸೇರಿಸಲು ಹೆಚ್ಚೇನೂ ಖರ್ಚಾಗದು.

ಬೀದಿ ಕ್ರಿಕೆಟ್ ಇದ್ದೇ ಇದೆ. ನೇರ ಕಾಂಪೌಂಡ್ ದಾಟಿದರೆ ಔಟ್, ಒನ್ ಪಿಚ್ ಒಂದು ಕೈ ಕ್ಯಾಚ್ ಔಟ್, ಮೊದಲ ಬಾಲ್ ಟ್ರಯಲ್, ಬೆಸ ಸಂಖ್ಯೆ ಬಿದ್ದರೆ ಒಬ್ಬ ಎರಡೂ ಕಡೆ ಆಡುವವ. ಬ್ಯಾಟು ತಂದವನು ಔಟಾದರೆ ವಾದ, ವಾದ ಸೋತರೆ ಬ್ಯಾಟ್ ಸಮೇತ ಮನೆಗೆ. ಮೊದಲೆಲ್ಲ ಚೆಂಡು ಬಿದ್ದ ಮನೆಯ ಅಜ್ಜ ಬೈದು ಕೊಡುತ್ತಿದ್ದರು. ಈಗ ಗೇಟಿಗೆ ಬೀಗ, ಮನೆಯವರು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಮರಳುತ್ತಾರೆ. ಚೆಂಡು ಅಲ್ಲಿಯತನಕ ತುಳಸಿಕಟ್ಟೆಯ ಹಿಂದೆ. ಊರು ಬೆಂಗಳೂರಿನ ಹೊರವಲಯವಾಗುತ್ತಿರುವುದು ಹುಡುಗರಿಗೆ ಮೊದಲು ತಿಳಿಯುವುದು ಹೀಗೆಯೇ.

ಭಾನುವಾರವಂತೂ ಬೆಂಗಳೂರೇ ಇತ್ತ ಹೊರಟುಬರುತ್ತದೆ. ನಸುಕಿಗೆ ನಂದಿಬೆಟ್ಟ, ಸಂಜೆಗೆ 2023ರ ಜನವರಿಯಲ್ಲಿ ಅನಾವರಣಗೊಂಡ ಆವಲಗುರ್ಕಿಯ 112 ಅಡಿ ಆದಿಯೋಗಿ ಮೂರ್ತಿ. ಹೆದ್ದಾರಿಯಲ್ಲಿ ಕಾರುಗಳ ಸಾಲು ನೋಡಿ ಸ್ಥಳೀಯರು ಮನೆಯಲ್ಲೇ ಉಳಿದು ಮ್ಯಾಚ್ ಹಾಕಿಕೊಳ್ಳುತ್ತಾರೆ.

ಹಾಗೆ ಮನೆಯಲ್ಲೇ ಉಳಿದವರ ಬಾಗಿಲಿಗೆ ಒಂದು ಸಲ ಆಟವೇ ನಡೆದುಬಂತು. 2024ರ ಜನವರಿ 18, ಗುರುವಾರ. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ. ಅಲ್ಲಿನ ಸತ್ಯಸಾಯಿ ಗ್ರಾಮದ ಸಾಯಿ ಕೃಷ್ಣನ್ ಕ್ರೀಡಾಂಗಣದಲ್ಲಿ ‘ಒನ್ ವರ್ಲ್ಡ್ ಒನ್ ಫ್ಯಾಮಿಲಿ’ ಕಪ್, ಇಪ್ಪತ್ತು ಓವರುಗಳ ಸ್ನೇಹಪಂದ್ಯ. ಒಂದು ತಂಡಕ್ಕೆ ಸಚಿನ್ ತೆಂಡೂಲ್ಕರ್ ನಾಯಕ, ಇನ್ನೊಂದಕ್ಕೆ ಯುವರಾಜ್ ಸಿಂಗ್. ಮುತ್ತಯ್ಯ ಮುರಳೀಧರನ್, ಚಮಿಂಡ ವಾಸ್, ಹರಭಜನ್ ಸಿಂಗ್, ಮಖಾಯ ಎನ್‌ಟಿನಿ, ಮಾಂಟಿ ಪನೇಸರ್, ರೊಮೇಶ್ ಕಲುವಿತರಣ. ಮತ್ತೆ, ಹೌದು, ವೆಂಕಟೇಶ್ ಪ್ರಸಾದ್.

ದ್ರಾಕ್ಷಿ ಚಪ್ಪರಗಳ ನಡುವಿನ ದಾರಿಯಲ್ಲಿ ಮುರಳೀಧರನ್ ಹೋಗುತ್ತಾರೆಂದು 1996ರಲ್ಲಿ ಆ್ಯಂಟೆನಾ ಹಿಡಿದಿದ್ದವರಿಗೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಸಚಿನ್ ಒಂದು ವಿಕೆಟ್ ತೆಗೆದರು, 27 ರನ್ ಹೊಡೆದರು. ಯುವರಾಜ್ ಬಳಗದ 180 ರನ್ ಬೆನ್ನಟ್ಟಿದ ಸಚಿನ್ ಬಳಗಕ್ಕೆ ಆಟ ಕೊನೆಯ ಓವರಿಗೆ ಬಂದು ನಿಂತಿತು. ಚೆಂಡು ಅಣ್ಣ ಯೂಸುಫ್ ಪಠಾಣ್ ಕೈಯಲ್ಲಿ, ಬ್ಯಾಟು ತಮ್ಮ ಇರ್ಫಾನ್ ಕೈಯಲ್ಲಿ. ತಮ್ಮ ಸಿಕ್ಸರ್ ಎತ್ತಿ ಪಂದ್ಯ ಮುಗಿಸಿ, ಅಣ್ಣನನ್ನೇ ಅಪ್ಪಿಕೊಂಡ. ಒಂದು ಬಾಲ್ ಉಳಿದಿತ್ತು.

ನಿವೃತ್ತರ ಪಂದ್ಯಕ್ಕೆ ಫಲಿತಾಂಶ ಮುಖ್ಯವಲ್ಲ ಎಂದು ನಗರದವರು ಹೇಳಬಹುದು. ಇಲ್ಲಿಯವರಿಗೆ ಅದು ಮೂವತ್ತು ವರ್ಷದ ಬಾಕಿ ಸಂದಾಯವಾದ ದಿನ. ಗಡ್ಡ ನೆರೆತ ಪ್ರಸಾದ್, ಹೊಟ್ಟೆ ಬಂದ ಬೌಲರುಗಳು, ಓಡಲು ಏದುಸಿರು ಬಿಡುವ ಫೀಲ್ಡರುಗಳು. ಅವರಿಗೂ ವಯಸ್ಸಾಗಿತ್ತು, ನೋಡುವವರಿಗೂ ಆಗಿತ್ತು. ಅದರಲ್ಲೊಂದು ಸಮಾಧಾನವಿತ್ತು. ಟಿ.ವಿ.ಯಲ್ಲಿ ಕಂಡವರನ್ನು ತಮ್ಮೂರ ಬಿಸಿಲಿನಲ್ಲಿ ಕಂಡದ್ದಾಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬಿಸಿಸಿಐ ತನ್ನ ಹೊಸ ಉತ್ಕೃಷ್ಟತಾ ಕೇಂದ್ರವನ್ನು ದೇವನಹಳ್ಳಿ ಸಮೀಪ ತೆರೆಯಿತು. ನಲವತ್ತು ಎಕರೆ, ಮೂರು ಮೈದಾನ. ಗಾಯಗೊಂಡ ಭಾರತ ತಂಡದ ಆಟಗಾರರು ಚೇತರಿಸಿಕೊಳ್ಳುವುದು ಈಗ ಅಲ್ಲೇ, ಎಂದರೆ ಚಿಕ್ಕಬಳ್ಳಾಪುರದ ನೆರೆಯಲ್ಲೇ. ಬೆಳಗಿನ ಮೆಮು ರೈಲಿನಲ್ಲಿ ಕೆಲಸಕ್ಕೆ ಹೋಗುವವರ ಮಾತಿಗೆ ಇದೊಂದು ಹೊಸ ವಿಷಯ. ಬುಮ್ರಾ ಬೆನ್ನು ಹೇಗಿದೆ ಎಂದು ವಿಚಾರಿಸುವ ಧಾಟಿ ಪಕ್ಕದ ಮನೆಯವರನ್ನು ವಿಚಾರಿಸುವಂತೆಯೇ ಇರುತ್ತದೆ.

2008ರ ಏಪ್ರಿಲ್ 18ರಂದು, ಮೊಟ್ಟಮೊದಲ ಐಪಿಎಲ್ ಪಂದ್ಯದಲ್ಲೇ ಬ್ರೆಂಡನ್ ಮೆಕಲಂ 158 ಬಾರಿಸಿ, ಆರ್‌ಸಿಬಿ 82ಕ್ಕೆ ಕುಸಿದಾಗ ಶುರುವಾದ ಕಪ್ಪಿನ ಕಾಯುವಿಕೆ ಎಲ್ಲರಿಗೂ ಗೊತ್ತು. 2009, 2011, 2016ರ ಫೈನಲ್‌ಗಳಲ್ಲಿ ಸೋಲು. 2013ರಲ್ಲಿ ಕ್ರಿಸ್ ಗೇಲ್ 175 ಹೊಡೆದ ದಿನದ ಸುಖ. 2024ರ ಮಾರ್ಚಿನಲ್ಲಿ ಹೆಣ್ಣುಮಕ್ಕಳ ತಂಡ ಮೊದಲು ಕಪ್ ತಂದಿತು. ‘ಈ ಸಲ ಕಪ್ ನಮ್ದೇ’ ಎಂದು ಹೇಳಿ ಹೇಳಿ ಗಂಟಲು ಕಟ್ಟಿದ್ದವರಿಗೆ 2025ರ ಜೂನ್ 3ರ ರಾತ್ರಿ, ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳ ಗೆಲುವು ದಕ್ಕಿತು. ನಾಲ್ಕೂ ಊರುಗಳಲ್ಲಿ ನಡುರಾತ್ರಿಯ ತನಕ ಪಟಾಕಿ. ಕೂಗು ಮೊದಲು ಯಾರ ಮನೆಯಿಂದ ಬಂತೆಂದು ಆ ರಾತ್ರಿ ಯಾರೂ ಜಗಳವಾಡಲಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು, ರೈಲು, ಬೈಕುಗಳಲ್ಲಿ ಈ ಕಡೆಯ ಹುಡುಗ ಹುಡುಗಿಯರು ಬೆಂಗಳೂರಿಗೆ ಹೊರಟರು. ಹದಿನೆಂಟು ವರ್ಷ ದೂರದಿಂದ ನೋಡಿದ್ದನ್ನು ಒಂದು ದಿನ ಹತ್ತಿರದಿಂದ ನೋಡೋಣವೆಂಬ ಆಸೆ. ಜೂನ್ 4ರ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ ಹನ್ನೊಂದು ಜನ ಬಲಿಯಾದರು. ಅವರಲ್ಲಿ ಚಿಂತಾಮಣಿ ಕಡೆಯ ಹುಡುಗನೂ ಇದ್ದ. ಸಂಭ್ರಮಿಸಲು ಹೋದ ಮಕ್ಕಳು ಮರಳಿ ಬರುವ ವ್ಯವಸ್ಥೆ ಮಾಡುವುದು ಕರೆದವರ ಹೊಣೆ. ಆ ಹೊಣೆಯನ್ನು ಮರೆಯಲು ಈ ಭಾಗದವರಿಂದ ಆಗದು, ಆಗಲೂಬಾರದು.

ಆ ದುರಂತದ ಬೆನ್ನಿಗೆ ಬೆಂಗಳೂರಿನ ಪಂದ್ಯಗಳು ಬೇರೆಡೆ ಹೋದವು. ಮಹಿಳೆಯರ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ, ಮಹಾರಾಜ ಟ್ರೋಫಿ ಮೈಸೂರಿಗೆ. 2025ರ ಡಿಸೆಂಬರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎಗೆ ಹೊಸ ಅಧ್ಯಕ್ಷರಾಗಿ ಆಯ್ಕೆಯಾದವರು ವೆಂಕಟೇಶ್ ಪ್ರಸಾದ್. ಸೊಹೇಲ್ ಸ್ಟಂಪ್ ಹಾರಿಸಿದವರು, ಮುದ್ದೇನಹಳ್ಳಿಯ ಬಿಸಿಲಲ್ಲಿ ಆಡಿದವರು. ಈ ಊರುಗಳ ಅಭಿಮಾನಿಗೆ ಅವರಲ್ಲಿ ಸಲುಗೆ ಇರುವುದು ಸಹಜ, ಸಲುಗೆ ಇದ್ದಲ್ಲಿ ಒಂದೆರಡು ಬೇಡಿಕೆಯೂ ಇರುತ್ತದೆ.

ಟಿಕೆಟ್ ದರದ ಮಾತು ಹಾಗಿರಲಿ. ದೊಡ್ಡ ಬೇಡಿಕೆ ರಾತ್ರಿಯ ದಾರಿಯದು. ಚಿನ್ನಸ್ವಾಮಿಯಲ್ಲಿ ಹೊನಲು ಬೆಳಕಿನ ಪಂದ್ಯ ಮುಗಿಯುವಾಗ ಹನ್ನೊಂದು ದಾಟುತ್ತದೆ. ಪಂದ್ಯದ ದಿನ ಮೆಟ್ರೊ ಹೊತ್ತು ಮೀರಿ ಓಡುತ್ತದೆ, ಬಿಎಂಟಿಸಿ ವಿಶೇಷ ಬಸ್ಸು ಬಿಡುತ್ತದೆ, ಆದರೆ ಅವು ಬಹುಮಟ್ಟಿಗೆ ನಗರದವರಿಗೇ. ಚಿಕ್ಕಬಳ್ಳಾಪುರದಾಚೆಯವರು ಹದಿನೆಂಟನೇ ಓವರಿಗೇ ಗಡಿಯಾರ ನೋಡಲು ಶುರು ಮಾಡುತ್ತಾರೆ. ಕೊನೆಯ ಬಸ್ಸೋ ಕೊನೆಯ ಓವರೋ? ಓವರ್ ಆರಿಸಿಕೊಂಡವರು ಹೆಬ್ಬಾಳದಲ್ಲಿ ನಿಂತು ಕೈ ಅಡ್ಡ ಹಾಕುತ್ತಾರೆ. ತರಕಾರಿ ಇಳಿಸಿ ಮರಳುವ ಚಿಂತಾಮಣಿಯ ಟೊಮೆಟೊ ಗಾಡಿ ಸಿಕ್ಕಿದರೆ ಪುಣ್ಯ. ಕ್ರೇಟುಗಳ ನಡುವೆ ಕೂತು, ದೇವನಹಳ್ಳಿ ದಾಟಿದ ಮೇಲೆ ಬೀಸುವ ಚಳಿಗಾಳಿಗೆ ಆರ್‌ಸಿಬಿ ಬಾವುಟವನ್ನೇ ಹೊದ್ದು, ಬೌಲಿಂಗ್ ಬದಲಾವಣೆ ತಪ್ಪಾಯಿತೆಂದು ಊರು ಬರುವ ತನಕ ವಾದ ಮಾಡುತ್ತಾರೆ.

ಹಳಿ ಇದೆ. 1915ರಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಪುಟ್ಟ ನ್ಯಾರೋಗೇಜ್ ರೈಲು ಓಡಲು ಶುರುವಾದ ದಾರಿಯದು. ಚಿಕ್ಕಬಳ್ಳಾಪುರದಿಂದ ಕೋಲಾರದ ತನಕದ ಭಾಗ 2013ರಲ್ಲಿ ಬ್ರಾಡ್‌ಗೇಜ್ ಆಯಿತು. ಯಲಹಂಕ, ದೇವನಹಳ್ಳಿ, ನಂದಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ, ಕೋಲಾರ ಎಲ್ಲವೂ ಒಂದೇ ಸಾಲಿನಲ್ಲಿವೆ. ಯಲಹಂಕದಿಂದ ಕವಲೊಡೆದ ಇನ್ನೊಂದು ಹಳಿ ಗೌರಿಬಿದನೂರಿಗೆ ಹೋಗುತ್ತದೆ. ದಂಡು ನಿಲ್ದಾಣ ಕ್ರೀಡಾಂಗಣದಿಂದ ನಡೆದು ತಲುಪುವಷ್ಟು ಹತ್ತಿರ. ಬೆಂಗಳೂರಿನಲ್ಲಿ ಪಂದ್ಯವಿರುವ ರಾತ್ರಿಗಳಷ್ಟೇ, ಹನ್ನೆರಡು ಗಂಟೆಗೆ ಎರಡು ಮೆಮು ರೈಲು, ಒಂದು ಚಿಕ್ಕಬಳ್ಳಾಪುರದ ಕಡೆಗೆ, ಒಂದು ಗೌರಿಬಿದನೂರಿನ ಕಡೆಗೆ. ಕೆಎಸ್‌ಸಿಎ ಕೇಳಿ, ಸಂಸದರು ಬೆನ್ನು ಹತ್ತಿ, ನೈರುತ್ಯ ರೈಲ್ವೆ ಮನಸ್ಸು ಮಾಡಿದರೆ ಆಗದ ಕೆಲಸವಲ್ಲ. ಟಿಕೆಟ್ ಜೊತೆಯಲ್ಲೇ ರೈಲಿನ ಚಾರ್ಜನ್ನೂ ಸೇರಿಸಿ ವಸೂಲು ಮಾಡಲಿ, ಕೊಡಲು ಇಲ್ಲಿಯ ಜನ ಸಿದ್ಧರಿದ್ದಾರೆ. ಆ ಬೋಗಿಯಲ್ಲಿ ಚಿಂತಾಮಣಿ ಬರುವ ತನಕ ನಿದ್ದೆ ಮಾಡಲು ಯಾರೂ ಬಿಡುವುದಿಲ್ಲ, ಅದಂತೂ ಖಂಡಿತ.